ಎಐ ಬರೆದ ಹೋಂಸ್ಟೇ ಕರಪತ್ರದ ರಿಪೇರಿ: ನಾಪೋಕ್ಲು ಕಡೆಯ ಒಂದು ಕೆಲಸ

ಕೆಲಸ: ಹೋಂಸ್ಟೇ ಕರಪತ್ರ. ಎ4 ಹಾಳೆ, ಮೂರು ಮಡಿಕೆ, ಎರಡೂ ಬದಿ ಕಲರ್.
ಬಂದಾಗ ಇದ್ದದ್ದು: ಎಐ ಬರೆದ 640 ಪದದ ಮ್ಯಾಟರ್.
ಪ್ರಿಂಟಿಗೆ ಹೋದದ್ದು: 310 ಪದ.
ಸಾಮಾನು: ಕೆಂಪು ಪೆನ್ನು, ನೀಲಿ ಪೆನ್ನು, ಫೋನಿನ ರೆಕಾರ್ಡರ್, ಕನ್ನಡ ವಾಯ್ಸ್ ಟೈಪಿಂಗ್, ಒಂದು ಫ್ರೀ ಎಐ, ಪುಟ ಜೋಡಿಸುವ ಹಳೇ ಸಾಫ್ಟ್‌ವೇರ್ ಪೇಜ್‌ಮೇಕರ್.

ಮಡಿಕೇರಿಯಲ್ಲಿ ನನ್ನದು ಸಣ್ಣ ಡಿಟಿಪಿ ಅಂಗಡಿ. ಮದುವೆ ಕಾಗದ, ಬಿಲ್ ಬುಕ್ಕು, ಕಾಫಿಪುಡಿ ಪ್ಯಾಕೆಟ್ಟಿನ ಲೇಬಲ್ಲು, ಇಂಥದ್ದೇ ಕೆಲಸ. ಈಚೆಗೆ ಬರುವ ಮ್ಯಾಟರ್‌ನಲ್ಲಿ ಎಐ ಬರೆದದ್ದೇ ಜಾಸ್ತಿ. ಎರಡು ಸಾಲು ಓದಿದರೆ ಗೊತ್ತಾಗುತ್ತದೆ. ಗಿರಾಕಿ ಕೊಟ್ಟದ್ದಕ್ಕೆ ನಾನು ಬಾಯಿ ಹಾಕುವುದಿಲ್ಲ, ಹಾಕಿ ಕೊಡುತ್ತೇನೆ. ಈ ಸಲ ಗಿರಾಕಿ ನನ್ನ ಚಿಕ್ಕಮ್ಮ. ನಾಪೋಕ್ಲು ಕಡೆ ತೋಟದ ಮನೆ, ಮೂರು ರೂಮಿನ ಹೋಂಸ್ಟೇ. ಮ್ಯಾಟರ್ ಮಾಡಿದ್ದು ಅವರ ಮಗ, ನನಗೆ ತಮ್ಮ. ಚಿಕ್ಕಮ್ಮ ಪ್ರೂಫ್ ಓದಿ, "ಇದು ಯಾರ ಮನೆ ಮಾರಾಯ?" ಅಂತ ಕೇಳಿದರು. ಹಾಗಾಗಿ ಕೈ ಹಾಕಿದೆ.

ಹಂತ 1: ಎಲ್ಲಿ ಕೆಟ್ಟಿದೆ ಅಂತ ಹುಡುಕಿದ್ದು

ಸಾಲುಗಳ ನಡುವೆ ಜಾಗ ಬಿಟ್ಟು ಪ್ರಿಂಟ್ ತೆಗೆದೆ. ಸ್ಕ್ರೀನಿನಲ್ಲಿ ಓದಿದರೆ ಕಣ್ಣು ಜಾರುತ್ತದೆ, ಕಾಗದದಲ್ಲಿ ಸಿಕ್ಕಿಬೀಳುತ್ತದೆ. ಬರೀ ಅಲಂಕಾರಕ್ಕೆ ಕೆಂಪು ಪೆನ್ನು, ವಿಷಯವೇ ತಪ್ಪಿದ್ದಕ್ಕೆ ನೀಲಿ. ಮೊದಲ ಪ್ಯಾರಾ ಹೀಗಿತ್ತು:

"ಕೊಡಗಿನ ಹಸಿರು ಮಡಿಲಲ್ಲಿ ನೆಲೆಸಿರುವ ನಮ್ಮ ಹೋಂಸ್ಟೇ ಕೇವಲ ವಾಸ್ತವ್ಯವಲ್ಲ, ಅದೊಂದು ಅವಿಸ್ಮರಣೀಯ ಅನುಭವ. ವರ್ಷವಿಡೀ ಅರಳುವ ಕಾಫಿ ಹೂವುಗಳ ಸುವಾಸನೆ, ಹಕ್ಕಿಗಳ ಇಂಚರ ಮತ್ತು ಮಂಜಿನ ಮುಸುಕು ನಿಮ್ಮನ್ನು ಹೊಸ ಲೋಕಕ್ಕೆ ಕರೆದೊಯ್ಯುತ್ತವೆ. ನೀವು ಸಾಹಸಪ್ರಿಯರಾಗಿರಲಿ ಅಥವಾ ಶಾಂತಿಯನ್ನು ಅರಸುವವರಾಗಿರಲಿ, ಇಲ್ಲಿ ಎಲ್ಲರಿಗೂ ಏನಾದರೊಂದು ಇದೆ."

ಕೆಂಪು ಪೆನ್ನಿಗೆ ಸಿಕ್ಕಿದ್ದು: "ಮಡಿಲು" 4 ಕಡೆ, "ಅನುಭವ" 9 ಕಡೆ, "ಹೊಂದಿದೆ" 11 ಕಡೆ. ಬಿಸಿನೀರು ಬರುತ್ತದೆ ಅನ್ನುವುದಕ್ಕೆ "ಕೊಠಡಿಗಳು ಬಿಸಿನೀರಿನ ಸೌಲಭ್ಯವನ್ನು ಹೊಂದಿವೆ". ಊಟ ಹಾಕುತ್ತೇವೆ ಅನ್ನುವುದಕ್ಕೆ "ಸ್ಥಳೀಯ ಭೋಜನವನ್ನು ಉಣಬಡಿಸಲಾಗುತ್ತದೆ". ಉಣಬಡಿಸುವುದು ಯಾರು? ಚಿಕ್ಕಮ್ಮನೇ. ಅವರು ಇಡೀ ಮ್ಯಾಟರ್‌ನಲ್ಲಿ ಒಂದು ಕಡೆಯೂ ಇಲ್ಲ. ಏನು ಹೇಳಿದರೂ ಮೂರು ಮೂರು: ಅದು, ಇದು ಮತ್ತು ಇನ್ನೊಂದು. ಪ್ರತಿ ಪ್ಯಾರಾದ ಕೊನೆಗೆ ಒಂದು ಉಪದೇಶ. ತಲೆಬರಹಗಳ ಅಕ್ಕಪಕ್ಕ ಎರಡೆರಡು ನಕ್ಷತ್ರ (**) ಹಾಗೇ ಉಳಿದಿತ್ತು, ಮಧ್ಯೆ ಎಲೆ, ಕಾಫಿ ಕಪ್, ಬೆಟ್ಟದ ಚಿತ್ರಗಳು.

ನೀಲಿ ಪೆನ್ನಿನದ್ದು ಬೇರೆ ಥರ. ಕಾಫಿ ತೋಟದ ಜೊತೆ "ವಿಶಾಲ ಚಹಾ ತೋಟಗಳು" ಅಂತಿತ್ತು. ಚಿಕ್ಕಮ್ಮನ ಊರಿನಲ್ಲಿ ಒಂದು ಚಹಾ ಗಿಡವೂ ಇಲ್ಲ. ತಡಿಯಂಡಮೋಳ್ "ಕರ್ನಾಟಕದ ಅತಿ ಎತ್ತರದ ಶಿಖರ" ಅಂತಿತ್ತು. 1,748 ಮೀಟರ್‌ನ ತಡಿಯಂಡಮೋಳ್ ಕೊಡಗಿನ ಮಟ್ಟಿಗೆ ಎತ್ತರದ್ದು. ರಾಜ್ಯದ್ದು ಅಂದರೆ ಚಿಕ್ಕಮಗಳೂರಿನ ಮುಳ್ಳಯ್ಯನಗಿರಿ. ಪಂದಿ ಕರಿಗೆ, ಅಂದರೆ ನಮ್ಮ ಹಂದಿ ಮಾಂಸದ ಅಡಿಗೆಗೆ, ಹುಣಸೆಹುಳಿ ಹಾಕಿಸಿತ್ತು. ಕಿಟಕಿಯಿಂದ ಜಲಪಾತ ಕಾಣುತ್ತದೆ ಅಂತಲೂ ಬರೆದಿತ್ತು. ಅಲ್ಲಿರುವುದು ಗದ್ದೆ ಬದಿಯ ಒಂದು ತೋಡು, ಮಾರ್ಚ್ ಬಂದರೆ ಅದೂ ಒಣಗುತ್ತದೆ.

ಕೆಂಪಿನದ್ದು ಮುಜುಗರ ಅಷ್ಟೇ. ನೀಲಿಯದ್ದು, ಅಡ್ವಾನ್ಸ್ ಕೊಟ್ಟು ಬಂದವರು ಅಂಗಳದಲ್ಲಿ ನಿಂತು ಜಗಳ ಆಡುವ ವಿಷಯ. ಆದರೂ ಶುರುವಿನಲ್ಲಿ ಕೆಂಪನ್ನೇ ಸರಿಮಾಡಲು ಹೋದೆವು. ಅದು ಸುಲಭ ಅನಿಸಿತ್ತು.

ಹಂತ 2: ಕೈಕೊಟ್ಟ ಉಪಾಯಗಳು

"ಮನುಷ್ಯರು ಬರೆದ ಹಾಗೆ ಬರೆ" ಅಂತ ಎಐಗೇ ಹೇಳಿದ್ದು. ಬಂದದ್ದು: "ಅಬ್ಬಾ! ಈ ಕಾಫಿ ಘಮ ಇದ್ಯಲ್ಲಾ ಗುರೂ, ಸಖತ್!" ಅರವತ್ತು ದಾಟಿದ ಹೆಂಗಸಿನ ಮನೆಯ ಕರಪತ್ರ ಇದು. ಒಳಗೆ ಅದೇ ಜಲಪಾತ, ಅದೇ ಚಹಾ ತೋಟ. ಮೇಲೆ ಬೆಂಗಳೂರಿನ ಟೀ ಶರ್ಟ್ ಹಾಕಿಸಿದ ಹಾಗಿತ್ತು.

"ಕೊಡಗಿನ ಶೈಲಿಯಲ್ಲಿ ಬರೆ" ಅಂದದ್ದು. ಇದು ಇನ್ನೂ ಕಷ್ಟ. ನಮ್ಮ ಮನೆಯಲ್ಲಿ ಅರೆಭಾಷೆ, ಪಕ್ಕದ ಮನೆಯಲ್ಲಿ ಕೊಡವ ತಕ್ಕ್, ಕಾಗದಕ್ಕೆ ಬಂದರೆ ಎಲ್ಲರದ್ದೂ ಕನ್ನಡ. ಎಐ ಕೊಟ್ಟದ್ದು ಈ ಮೂರರಲ್ಲಿ ಯಾವುದೂ ಅಲ್ಲ. ಯಾರ ಬಾಯಲ್ಲೂ ಇಲ್ಲದ ಪದ ಹುಟ್ಟಿಸಿ, ಅದನ್ನೇ ಕೊಡಗಿನದ್ದು ಅಂತ ಧೈರ್ಯವಾಗಿ ಹೇಳಿತು. ಊರಿನವರು ಓದಿದರೆ ನಗುತ್ತಾರೆ, ಹೊರಗಿನವರು ಓದಿದರೆ ನಂಬುತ್ತಾರೆ. ಎರಡೂ ಬೇಡ.

ಎಐ ಬರಹವನ್ನು "ಮಾನವೀಕರಿಸುವ" ಜಾಲತಾಣ. ತಮ್ಮ ಹುಡುಕಿಕೊಂಡು ಬಂದ. ಅದು ಇಂಗ್ಲಿಷಿಗೆ ಮಾತ್ರ. ಹಾಗಾಗಿ ಕನ್ನಡದಿಂದ ಇಂಗ್ಲಿಷ್, ಅಲ್ಲಿ ಒಂದು ಸುತ್ತು, ಮತ್ತೆ ಕನ್ನಡ. ವಾಪಸ್ ಬರುವಾಗ ಸಿಲ್ವರ್ ಮರ "ಬೆಳ್ಳಿ ಓಕ್" ಆಗಿತ್ತು, ಕಣ "ಒಣಗಿಸುವ ಪ್ರಾಂಗಣ" ಆಗಿತ್ತು. ಅಲ್ಲಿಗೆ ನಿಲ್ಲಿಸಿದೆವು.

ಬೇಕಂತಲೇ ಕಾಗುಣಿತ ತಪ್ಪು ಹಾಕುವುದು. ಇದೂ ತಮ್ಮನ ಐಡಿಯಾ. "ಅಣ್ಣಾ, ತಪ್ಪಿದ್ದರೆ ಮನುಷ್ಯರು ಬರೆದದ್ದು ಅಂತ ನಂಬುತ್ತಾರೆ" ಅಂದ. ನಂಬುತ್ತಾರೆ, ಪ್ರಿಂಟ್ ಹಾಕಿದವನಿಗೆ ಕನ್ನಡ ಬರುವುದಿಲ್ಲ ಅಂತ. ಅಂಗಡಿ ನನ್ನದು. ಆಗಲ್ಲ ಅಂದೆ.

ಎಐ ಪತ್ತೆ ಮಾಡುವ ಸಾಧನದಲ್ಲಿ ಮಾರ್ಕ್ಸ್ ನೋಡುತ್ತಾ ತಿದ್ದುವುದು. ಪರೀಕ್ಷೆಗೆ ಅಂತ ನಾನೇ 2019ರಲ್ಲಿ ಬರೆದ ಒಂದು ಕಾಫಿಪುಡಿ ಲೇಬಲ್ಲಿನ ಮ್ಯಾಟರ್ ಹಾಕಿದೆ. ಅದನ್ನೂ ಎಐ ಬರೆದದ್ದು ಅಂದಿತು. ಚಾಟ್‌ಜಿಪಿಟಿ ಜನರ ಕೈಗೆ ಬಂದದ್ದೇ 2022ರ ನವೆಂಬರ್‌ನಲ್ಲಿ. ಅದನ್ನು ಮಾಡಿದ ಓಪನ್‌ಎಐ ಕಂಪನಿಯೇ ತನ್ನ ಪತ್ತೆ ಸಾಧನವನ್ನು ನಿಖರತೆ ಸಾಲದು ಅಂತ 2023ರ ಜುಲೈನಲ್ಲಿ ನಿಲ್ಲಿಸಿತ್ತು. ಅದು ಇಂಗ್ಲಿಷಿನ ಕಥೆ, ಕನ್ನಡದ್ದು ಕೇಳಬೇಕಾ? ಆ ಮಾರ್ಕ್ಸ್ ಹಿಂದೆ ಬಿದ್ದರೆ ಚೆನ್ನಾಗಿರುವ ವಾಕ್ಯವನ್ನೂ ಕೆಡಿಸುತ್ತಾ ಹೋಗಬೇಕು.

ಇಷ್ಟೆಲ್ಲ ಆದ ಮೇಲೆ ಮತ್ತೆ ಪ್ರಿಂಟ್ ತೆಗೆದು ನೋಡಿದರೆ ನೀಲಿ ಗುರುತುಗಳು ಎಲ್ಲಿದ್ದವೋ ಅಲ್ಲೇ ಇದ್ದವು. ಆ ಮನೆ ನೋಡಿದವರು ಯಾರೂ ಅದನ್ನು ಬರೆದಿಲ್ಲ, ತೊಂದರೆ ಅದೇ. ಪದ ಎಷ್ಟು ಉಜ್ಜಿದರೂ ಆ ಮನೆ ಒಳಗೆ ಬರುವುದಿಲ್ಲ.

ಹಂತ 3: ಚಿಕ್ಕಮ್ಮನ ಮಾತು ಹಿಡಿದದ್ದು

ಫೋನ್ ಎದುರಿಗೆ ಇಟ್ಟು "ಹೋಂಸ್ಟೇ ಬಗ್ಗೆ ಹೇಳಿ" ಅಂದೆ. ಚಿಕ್ಕಮ್ಮ ಸೆರಗು ಸರಿಮಾಡಿಕೊಂಡು, "ನಮ್ಮಲ್ಲಿಗೆ ಆಗಮಿಸುವ ಅತಿಥಿಗಳಿಗೆ" ಅಂತ ಶುರು ಮಾಡಿದರು. ಎಐಗಿಂತ ಒಂದು ಕೈ ಮೇಲು! ಆ ರೆಕಾರ್ಡಿಂಗ್ ಅಳಿಸಿದೆ.

ಆಮೇಲೆ ಅವರು ಅಡಿಗೆಮನೆ ಹೊರಗೆ ಕೂತು ಕರಿಮೆಣಸು ಕೇರುತ್ತಿದ್ದಾಗ ಫೋನನ್ನು ಪಕ್ಕದ ಕುರ್ಚಿ ಮೇಲೆ ಇಟ್ಟು, ಹೇಳಿಯೇ ಇಟ್ಟು, ಮಾತಿಗೆ ಎಳೆದೆ. ಪ್ರಶ್ನೆ ಬದಲಿಸಿದ್ದೇ ಕೆಲಸ ಮಾಡಿತು. ಕೇಳಿದ್ದು ಇಂಥವು: ಬರುವವರು ಫೋನಿನಲ್ಲಿ ಮೊದಲು ಏನು ಕೇಳುತ್ತಾರೆ? ಬಂದ ಮೇಲೆ ಯಾವುದಕ್ಕೆ ಗೊಣಗುತ್ತಾರೆ? ಯಾವುದನ್ನು ಎರಡನೇ ಸಲ ಹಾಕಿಸಿಕೊಳ್ಳುತ್ತಾರೆ? ನೀವು ಯಾವುದಕ್ಕೆ ಬಯ್ಯಬೇಕು ಅನಿಸಿಯೂ ಸುಮ್ನೆ ಇರ್ತೀರಿ?

ಕೊನೆಯ ಪ್ರಶ್ನೆಗೆ ಉತ್ತರ ಉದ್ದ ಬಂತು. ರಾತ್ರಿ ಊಟ ಆದ ಮೇಲೆ ಟಾರ್ಚ್ ಹಿಡಿದು ತೋಟಕ್ಕೆ ಇಳಿಯುವವರು, ಆನೆ ಬಂದು ಹೋಗುವ ದಾರಿ ಅಂತ ಎಷ್ಟು ಹೇಳಿದರೂ ಕೇಳದವರು. ಕಣದಲ್ಲಿ ಹರವಿದ ಕಾಫಿ ಮೇಲೆ ಚಪ್ಪಲಿ ಹಾಕಿಕೊಂಡು ನಡೆದು ಫೋಟೊ ತೆಗೆಸಿಕೊಳ್ಳುವವರು.

ಹುಳಿಯ ಬಗ್ಗೆ ಕೇಳಿದಾಗ ಹೇಳಿದ್ದನ್ನು ಹಾಗೇ ಬರೆಯುತ್ತೇನೆ: "ಹುಣಸೆ ಹಾಕಿದರೆ ಅದು ಸಾರು. ನಾವು ಹಾಕುವುದು ಕಾಚಂಪುಳಿ. ಮಳೆಗಾಲದಲ್ಲಿ ಹಣ್ಣು ಬೀಳ್ತದೆ, ಆರಿಸಿ ಬುಟ್ಟಿಗೆ ಹಾಕಿ ಇಡೋದು. ಕೊಳೆತು ರಸ ಕೆಳಗಿನ ಪಾತ್ರೆಗೆ ಇಳೀತದೆ. ಅದನ್ನ ಕುದಿಸ್ತಾ ಕುದಿಸ್ತಾ ಇದ್ದರೆ ಕಪ್ಪಾಗಿ ದಪ್ಪ ಆಗ್ತದೆ. ಒಂದು ಚಮಚ ಸಾಕು, ಎರಡಾದರೆ ಹಲ್ಲು ಜುಮ್ ಅಂತದೆ." ಇದರಲ್ಲಿ ತಿದ್ದುವುದು ಏನಿದೆ?

ವಾಯ್ಸ್ ಟೈಪಿಂಗಿನಲ್ಲಿ ಅಕ್ಷರಕ್ಕೆ ಇಳಿಸಿದ್ದು ಮಾತ್ರ ತಲೆನೋವು. ಅಕ್ಕಿ ಕಡುಬಿಗೆ ನಮ್ಮಲ್ಲಿ ಹೇಳುವ ಕಡಂಬುಟ್ಟು "ಕಡೆ ಬಿಟ್ಟು" ಆಯಿತು. ಒತ್ತು ಶಾವಿಗೆಯ ನೂಪುಟ್ಟು "ನೂರು ಪುಟ್ಟ". ಕಾಚಂಪುಳಿ ಒಂದು ಕಡೆ "ಕಾಸಿನ ಹುಳಿ". ಊರಿನ ಪದ ಬಂದ ಕಡೆಯೆಲ್ಲ ರೆಕಾರ್ಡಿಂಗ್ ಹಿಂದಕ್ಕೆ ಹಾಕಿ ಕೇಳಿ, ಕೈಯಲ್ಲೇ ಟೈಪ್ ಮಾಡಿದೆ. ಈ ಕೆಲಸಕ್ಕೆ ಅಡ್ಡದಾರಿ ಇಲ್ಲ. ತಪ್ಪು ಇಲ್ಲೇ ಉಳಿದರೆ ಮುಂದೆ ಎಐ ಅದಕ್ಕೊಂದು ಅರ್ಥ ಹಚ್ಚಿ, ಚಂದ ಮಾಡಿ, ಗುರುತು ಸಿಗದ ಹಾಗೆ ಮಾಡಿಬಿಡುತ್ತದೆ.

ಹಂತ 4: ಎಐಗೆ ಮತ್ತೆ ಕೆಲಸ ಕೊಟ್ಟದ್ದು

ಮಾತು ಅಡ್ಡಾದಿಡ್ಡಿ ಇತ್ತು. ಊಟದ ಮಧ್ಯೆ ದಾರಿ, ದಾರಿ ಮಧ್ಯೆ ನಾಯಿ. ಜೋಡಿಸುವ ಕೆಲಸ ಎಐಗೆ ಬಿಟ್ಟೆ. ಕೊಟ್ಟ ಸೂಚನೆ ಇದು:

"ಕೆಳಗಿನ ಮಾತನ್ನು ನಾಲ್ಕು ತಲೆಬರಹದ ಕೆಳಗೆ ಜೋಡಿಸು: ದಾರಿ, ಊಟ, ತೋಟ, ಮಳೆಗಾಲ. ಹೊಸ ವಾಕ್ಯ ಸೇರಿಸಬೇಡ. ಪದ ಬದಲಿಸಬೇಡ. ಎರಡು ಸಲ ಬಂದದ್ದನ್ನು ಒಂದು ಸಲ ಇಡು. ಅರ್ಥವಾಗದ ಕಡೆ ಪ್ರಶ್ನೆ ಚಿಹ್ನೆ ಹಾಕು."

ಪೂರ್ತಿ ಮಾತನ್ನು ಒಟ್ಟಿಗೆ ಕೊಟ್ಟಾಗ ಮೊದಲರ್ಧ ಸರಿ ಬಂತು, ಆಮೇಲೆ ಹಳೇ ಚಾಳಿ. "ಜಿಗಣೆ ಇದೆ, ಬಾಗಿಲ ಹತ್ತಿರ ಉಪ್ಪು ಇಟ್ಟಿದ್ದೇವೆ" ಅನ್ನುವುದು "ಪ್ರಕೃತಿಯ ಪುಟ್ಟ ಸವಾಲುಗಳಿಗೂ ನಾವು ಸಜ್ಜಾಗಿದ್ದೇವೆ" ಆಗಿತ್ತು. ಅದಕ್ಕಾದರೆ ನಗಬಹುದು. ಆನೆ ದಾರಿಯ ಎಚ್ಚರಿಕೆ "ವನ್ಯಜೀವಿಗಳ ಸಾಮೀಪ್ಯವನ್ನು ಆಸ್ವಾದಿಸಿ" ಆಗಿತ್ತು. ಇದು ನಗುವ ವಿಷಯ ಅಲ್ಲ. ಇದನ್ನು ಓದಿ ಯಾರಾದರೂ ರಾತ್ರಿ ಹೊರಗೆ ಹೋದರೆ?

ಪರಿಹಾರ: ಒಂದು ಸಲಕ್ಕೆ ಎಂಟು ಹತ್ತು ಸಾಲು ಮಾತ್ರ. ಬಂದದ್ದನ್ನು ರೆಕಾರ್ಡಿಂಗಿನ ಪ್ರತಿಯ ಪಕ್ಕ ಇಟ್ಟು ಸಾಲು ಸಾಲು ಹೋಲಿಸುವುದು. ಎಚ್ಚರಿಕೆ, ದರ, ಸಮಯ, ಫೋನ್ ನಂಬರ್ ಇರುವ ಸಾಲುಗಳನ್ನು ಎಐಗೆ ಕೊಡಲೇ ಇಲ್ಲ. ಅವನ್ನು ನಾನೇ ಹಾಕಿದೆ.

ಎಐ ನಿಜವಾಗಿ ಉಪಕಾರಕ್ಕೆ ಬಂದದ್ದು ಬೇರೆ ಕಡೆ. ಜೋಡಿಸಿ ಮುಗಿದ ಮೇಲೆ, "ಇದನ್ನು ಓದಿದ ಬೆಂಗಳೂರಿನ ಕುಟುಂಬಕ್ಕೆ ಇನ್ನೂ ಏನು ಗೊತ್ತಾಗಬೇಕು? ಪ್ರಶ್ನೆ ಮಾತ್ರ ಬರೆ, ಉತ್ತರ ಬೇಡ" ಅಂದೆ. ಒಳ್ಳೇ ಪ್ರಶ್ನೆಗಳು ಬಂದವು. ಸಣ್ಣ ಕಾರು ಮನೆ ತನಕ ಬರುತ್ತದಾ? ಮೆಟ್ಟಿಲು ಹತ್ತಲಾಗದ ಹಿರಿಯರಿಗೆ ಕೆಳಗೆ ರೂಮ್ ಇದೆಯಾ? ಹಂದಿ ಮಾಂಸ ತಿನ್ನದವರಿಗೆ ಬೇರೆ ಅಡಿಗೆ ಇದೆಯಾ? ಫೋನ್ ಸಿಗುತ್ತದಾ? ಇವನ್ನು ಚಿಕ್ಕಮ್ಮನಿಗೆ ಕೇಳಿ, ಉತ್ತರ ಅವರ ಬಾಯಿಂದಲೇ ಬರೆದುಕೊಂಡೆ. "ರೇಂಜ್ ಗೇಟಿನ ಹತ್ತಿರ ಮಾತ್ರ, ಅದೂ ಎರಡು ಕಡ್ಡಿ" ಅನ್ನುವ ಸಾಲು ಹಾಗೆ ಬಂದದ್ದು.

ಹಂತ 5: ಮೊದಲ ಪ್ಯಾರಾ

ಹಳೇದನ್ನು ತಿದ್ದುವುದು ಬಿಟ್ಟು ತೆಗೆದೇ ಹಾಕಿದೆ. ಕಾಫಿ ಹೂವು ವರ್ಷವಿಡೀ ಅರಳುತ್ತದೆ ಅಂತ ಬರೆದ ಕರಪತ್ರವನ್ನು ತೋಟದವರು ಯಾರಾದರೂ ನೋಡಿದರೆ ಮುಂದಕ್ಕೆ ಓದುವುದಿಲ್ಲ. ರೋಬಸ್ಟಾ ಕಾಫಿ ಗಿಡ ಮೊಗ್ಗು ಕಟ್ಟಿ ಕಾಯುತ್ತಾ ಇರುತ್ತದೆ. ಹೂ ಮಳೆ ಬೀಳಬೇಕು, ಇಲ್ಲಾ ಸ್ಪ್ರಿಂಕ್ಲರ್ ಹಾಕಬೇಕು. ಮಳೆ ಬಂದು ವಾರ ಹತ್ತು ದಿನಕ್ಕೆ ಇಡೀ ತೋಟ ಒಟ್ಟಿಗೆ ಅರಳುತ್ತದೆ, ಆಮೇಲೆ ಬೇಗ ಬಾಡುತ್ತದೆ. ಚಿಕ್ಕಮ್ಮ ಹೇಳಿದ್ದರಿಂದ ಕಟ್ಟಿದ ಹೊಸ ಪ್ಯಾರಾ:

"ಮನೆ ರೋಬಸ್ಟಾ ತೋಟದ ನಡುವೆ ಇದೆ. ಫೆಬ್ರುವರಿ, ಮಾರ್ಚ್‌ನಲ್ಲಿ ಒಂದು ಮಳೆ ಬಿದ್ದರೆ ವಾರ ಹತ್ತು ದಿನಕ್ಕೆ ತೋಟ ಪೂರ್ತಿ ಬೆಳ್ಳಗಾಗುತ್ತದೆ. ಮಳೆ ಬಾರದಿದ್ದರೆ ನಾವು ಸ್ಪ್ರಿಂಕ್ಲರ್ ಹಾಕುತ್ತೇವೆ. ಹೂವು ನಿಲ್ಲುವುದು ಕೆಲವೇ ದಿನ. ಯಾವಾಗ ಅಂತ ತಿಂಗಳ ಮೊದಲೇ ಹೇಳಲು ನಮಗೂ ಆಗುವುದಿಲ್ಲ. ಹೂವು ನೋಡಬೇಕು ಅಂದರೆ ಫೋನ್ ಮಾಡಿ ಕೇಳಿ. ಜೇನು ಬಹಳ ಬರುತ್ತದೆ, ಗಿಡದ ಹತ್ತಿರ ಹೋಗುವಾಗ ಮಕ್ಕಳ ಮೇಲೆ ಗಮನ ಇರಲಿ."

ಜೋರಾಗಿ ಓದಿಸಿದೆ. ಚಿಕ್ಕಮ್ಮ ತಡವರಿಸಿದ ಕಡೆಯೆಲ್ಲ ಗುರುತು. ತಡವರಿಸಿದ್ದು ಎರಡೇ ಕಡೆ, ಎರಡೂ ನಾನು ಸೇರಿಸಿದ ಪದಗಳು. ತೆಗೆದೆ. ಬಾಯಲ್ಲಿ ನಿಲ್ಲದ ಪದ ಕಾಗದದಲ್ಲೂ ನಿಲ್ಲುವುದಿಲ್ಲ ಅನ್ನುವುದನ್ನು ಎಲ್ಲ ಬರಹಕ್ಕೂ ಹೇಳಲಾರೆ. ಕರಪತ್ರಕ್ಕಂತೂ ಇದು ಒಳ್ಳೇ ಅಳತೆ.

ಒಂದು ಎಚ್ಚರ ಬೇಕು. ಮಾತನ್ನು ಪೂರ್ತಿ ಹಾಗೇ ಇಳಿಸಿದರೂ ಆಗುವುದಿಲ್ಲ. "ಇಳೀತದೆ, ಆಗ್ತದೆ" ಅನ್ನುವುದನ್ನು ಕಾಚಂಪುಳಿ ಸಾಲುಗಳಲ್ಲಿ ಅವರ ಮಾತು ಅಂತಲೇ ಚಿಹ್ನೆ ಹಾಕಿ ಉಳಿಸಿದೆ. ಬಾಕಿ ಕಡೆ "ಇಳಿಯುತ್ತದೆ, ಆಗುತ್ತದೆ". ಹೊಸಬರಿಗೆ ಬರೆಯುವಾಗ ಚಿಕ್ಕಮ್ಮನೂ ಹಾಗೇ ಬರೆಯುತ್ತಾರೆ, ಅವರ ಹಳೇ ಪತ್ರಗಳಲ್ಲಿ ನೋಡಿದ್ದೇನೆ.

ಹಂತ 6: ಮಳೆಗಾಲದ ನಾಲ್ಕು ಸಾಲು

ಜಾಸ್ತಿ ವಾದ ನಡೆದದ್ದು ಇಲ್ಲಿ. ಎಐ ಬರೆದದ್ದು "ಮಳೆಗಾಲದ ರೋಮಾಂಚನವನ್ನು ಮೈದುಂಬಿಕೊಳ್ಳಿ". 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದು ಜನ, ಮನೆ, ತೋಟ ಎಲ್ಲ ಹೋದ ಮೇಲೆ ಈ ಜಿಲ್ಲೆಯಲ್ಲಿ ಮಳೆಯನ್ನು ಯಾರೂ ಹಾಗೆ ಬರೆಯುವುದಿಲ್ಲ. ಎಐಗೆ ಹೇಗೆ ಗೊತ್ತಾಗಬೇಕು? ಎಲ್ಲಾ ಊರಿನ ಮಳೆಯೂ ಅದಕ್ಕೆ ಒಂದೇ. ಚಿಕ್ಕಮ್ಮ ಆ ಸಾಲನ್ನು ನನ್ನ ಕೈಯಿಂದ ಪೆನ್ನು ತೆಗೆದುಕೊಂಡು ಹೊಡೆದು ಹಾಕಿದರು.

ಮಳೆಯ ಅಳತೆಯನ್ನೂ ಎಐ ಮಿಲಿಮೀಟರಿನಲ್ಲಿ ಕೊಟ್ಟಿತ್ತು, ಎಲ್ಲಿಂದ ತಂದಿತೋ ಏನೋ. ನಮ್ಮಲ್ಲಿ ತೋಟದವರು ಮಳೆ ಅಳೆಯುವುದು ಇಂಚು, ಸೆಂಟಿನಲ್ಲಿ. 100 ಸೆಂಟಿಗೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ಬೆಳಗ್ಗೆ ಮಾಪಕ ನೋಡಿ "2 ಇಂಚು 40 ಸೆಂಟು" ಅಂತ ಪುಸ್ತಕದಲ್ಲಿ ಬರೆದಿಡುವುದು ಚಿಕ್ಕಮ್ಮನ ಮನೆಯಲ್ಲೂ ಉಂಟು. ಆ ಅಂಕಿ ತೆಗೆದು, "ಮಳೆ ಪುಸ್ತಕ ಜಗಲಿಯಲ್ಲಿದೆ, ಬೇಕಾದವರು ನೋಡಬಹುದು" ಅಂತ ಹಾಕಿದೆವು.

ಉಳಿದದ್ದು ಹೀಗೆ: "ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ. ಜೋರಿದ್ದರೆ ಕರೆಂಟ್ ದಿನಗಟ್ಟಲೆ ಇರುವುದಿಲ್ಲ. ಬಟ್ಟೆ ಒಣಗುವುದಿಲ್ಲ, ಜಾಸ್ತಿ ತನ್ನಿ. ರೆಡ್ ಅಲರ್ಟ್ ಇದ್ದರೆ ನಾವೇ ಫೋನ್ ಮಾಡಿ ಬರಬೇಡಿ ಅನ್ನುತ್ತೇವೆ, ಅಡ್ವಾನ್ಸ್ ವಾಪಸ್ ಕೊಡುತ್ತೇವೆ."

ತಮ್ಮನಿಗೆ ಇಷ್ಟವಾಗಲಿಲ್ಲ. "ಅಣ್ಣಾ, ಇದನ್ನು ಓದಿದರೆ ಯಾರು ಬರ್ತಾರೆ?" ಅಂದ. ಅವನ ಮಾತಲ್ಲೂ ನ್ಯಾಯ ಇದೆ, ಮಳೆಗಾಲದಲ್ಲಿ ರೂಮ್ ಖಾಲಿ ಬಿದ್ದರೆ ಸಾಲದ ಕಂತು ಕಟ್ಟುವವನು ಅವನೇ. ಚಿಕ್ಕಮ್ಮ ಕೇಳಲಿಲ್ಲ. "ಕರೆಂಟ್ ಇಲ್ಲ ಅಂತ ಬಂದ ಮೇಲೆ ಬೈಸಿಕೊಳ್ಳೋದು ನೀನಾ ನಾನಾ?" ಅಂದರು. ಸಾಲು ಉಳಿಯಿತು.

ಹಂತ 7: ಪೇಜ್ ಸೆಟ್ಟಿಂಗ್

ನನ್ನ ಹಳೇ ಪೇಜ್‌ಮೇಕರ್‌ಗೆ ಫೋನಿನಲ್ಲಿ ಬರುವ ಯೂನಿಕೋಡ್ ಕನ್ನಡ ಆಗುವುದಿಲ್ಲ, ಹಳೇ ನುಡಿ ಫಾಂಟಿಗೆ ಕನ್ವರ್ಟ್ ಮಾಡಬೇಕು. ಕನ್ವರ್ಟ್ ಆದಾಗ "ಸ್ಪ್ರಿಂಕ್ಲರ್‌ನಿಂದ", "ಮಾರ್ಚ್‌ನಲ್ಲಿ" ಅಂಥ ಪದಗಳಲ್ಲಿ ಅಕ್ಷರ ಬಿಡಿಸಿ ನಿಲ್ಲಿಸುವ ಗುರುತು ಬಿದ್ದುಹೋಗಿ, ಒತ್ತು ಕೆಳಗೆ ಅಂಟಿಕೊಂಡಿತು. ಎಐ ಬಿಟ್ಟ ನಕ್ಷತ್ರಗಳನ್ನು ಕನ್ವರ್ಟ್ ಮಾಡುವ ಮೊದಲೇ ತೆಗೆಯಿರಿ, ಆಮೇಲೆ ಹುಡುಕುವುದು ಕಷ್ಟ. ಅಕ್ಷರ 12 ಪಾಯಿಂಟ್. ಪದ ಅರ್ಧ ಆದದ್ದರಿಂದ ಮಡಿಕೆಯ ಒಂದು ಭಾಗ ಪೂರ್ತಿ ಖಾಲಿ ಸಿಕ್ಕಿತು. ಅಲ್ಲಿಗೆ ಕೈಯಲ್ಲಿ ಬಿಡಿಸಿದ ದಾರಿ ನಕ್ಷೆ ಹಾಕಿದೆ, ಗೇಟಿನ ಹತ್ತಿರದ ಹಲಸಿನ ಮರ ಸಮೇತ.

ಖರ್ಚು

ಎಐ, ವಾಯ್ಸ್ ಟೈಪಿಂಗ್: ಏನೂ ಇಲ್ಲ, ಎರಡೂ ಫ್ರೀ.
ಕಪ್ಪು ಬಿಳುಪು ಪ್ರೂಫ್: 60 ರೂಪಾಯಿ.
130 ಜಿಎಸ್‌ಎಂ ಆರ್ಟ್ ಪೇಪರ್, ಎರಡು ಬದಿ ಕಲರ್, 100 ಪ್ರತಿ: 3,200 ರೂಪಾಯಿ.
ಮಡಿಸಿದ್ದು ಮನೆಯವರೇ.
ನನ್ನ ಕೂಲಿ: ಒಂದು ಬಾಟಲಿ ಕಾಚಂಪುಳಿ.

ಟೈಮು ಲೆಕ್ಕ ಹಾಕಿದರೆ, ಮೊದಲಿನಿಂದ ಕೈಯಲ್ಲೇ ಬರೆದಿದ್ದರೆ ಬೇಗ ಮುಗಿಯುತ್ತಿತ್ತು. ಆದರೆ ಗಿರಾಕಿಗಳು ಎಐ ಮ್ಯಾಟರ್ ತರುವುದು ನಿಲ್ಲುವುದಿಲ್ಲ. ಹಾಗಾಗಿ ಹಂತ 3ರ ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದು ಕೌಂಟರಿನ ಗಾಜಿನ ಕೆಳಗೆ ಇಟ್ಟಿದ್ದೇನೆ. ಮ್ಯಾಟರ್ ತಂದವರಿಗೆ ಮೊದಲು ಅವನ್ನು ಕೇಳುತ್ತೇನೆ.

ಬಾಕಿ ಇರುವುದು

ಇಂಗ್ಲಿಷ್ ಪ್ರತಿ ನಿಂತಿದೆ. ಹೊಸ ಕನ್ನಡ ಮ್ಯಾಟರ್ ಕೊಟ್ಟು ಅನುವಾದ ಮಾಡು ಅಂದರೆ ಮಡಿಲು, ಅನುಭವ ಎಲ್ಲ ಇಂಗ್ಲಿಷ್ ವೇಷ ಹಾಕಿಕೊಂಡು ವಾಪಸ್ ಬರುತ್ತಿವೆ. ಜಿಗಣೆ ಮತ್ತೆ ಮಾಯ. ಚಿಕ್ಕಮ್ಮನಿಗೆ ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ, ಚೆನ್ನೈ, ಹೈದರಾಬಾದಿನವರ ಫೋನಿಗೆ ಉತ್ತರ ಕೊಡುವುದು ತಮ್ಮ. ಮುಂದಿನ ಸಲ ಬುಕಿಂಗ್ ಕರೆ ಬಂದಾಗ ಅವನು ಹೇಳುವುದನ್ನಷ್ಟೇ ರೆಕಾರ್ಡ್ ಮಾಡು ಅಂದಿದ್ದೇನೆ. ಅದು ಕೈಗೆ ಬಂದರೆ ಹಂತ 3ರಿಂದ ಮತ್ತೆ ಶುರು.